ಲೋಹಕ್ಕೂ ಬೇಕು ಅಂಗರಕ್ಷೆ

ಹೋಟೆಲಿನ ಹಿತ್ತಿಲಲ್ಲಿ ಕಲಾಯಿಗಾರನು ಕುಳಿತು ಕೆಲಸ ಮಾಡುವುದನ್ನು ನಮ್ಮವರಲ್ಲಿ ಹಿರಿಯರಾದವರೆಲ್ಲರೂ ಕಂಡಿರುವರು. ನೆಲದಲ್ಲಿ ತೋಡಿದ ಒಂದು ಸಣ್ಣ ಕುಳಿ, ಅದರಲ್ಲಿ ಇದ್ದಿಲು, ಪಕ್ಕದಲ್ಲಿ ತಿದಿ. ಆತನ ಕಾರ್ಖಾನೆಯೆಂದರೆ ಇಷ್ಟೆ. ಹಿತ್ತಾಳೆಯ ದೊಡ್ಡ ಪಾತ್ರೆಯನ್ನು ಆತನು ಮೊದಲು ಹುಳಿ ಮತ್ತು ಮರಳು ಹಾಕಿ ಕಿಲುಬೆಲ್ಲ ಹೋಗುವಂತೆ ಉಜ್ಜುವನು. ಬಳಿಕ ಕೆಂಡದ ಮೇಲಿಟ್ಟು ಕಾಯಿಸಿ, ನವಸಾಗರದ ಪುಡಿಯನ್ನು ಎರಚುವನು. ದಟ್ಟವಾದ ಬಿಳಿಯ ಹೊಗೆ ಏಳುವುದು. ಆಗ ತವರದ ಕಡ್ಡಿಯನ್ನು ಮುಟ್ಟಿಸಿ, ಹತ್ತಿಯಿಂದ ಬೇಗಬೇಗನೆ ಒರೆಸಿದನೆಂದರೆ, ಪಾತ್ರೆಯ ಒಳಮೈ ಬೆಳ್ಳಿಯಂತೆ ಬೆಳಗುವುದು.

ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆಗಳು ಅಡಿಗೆಮನೆಯನ್ನು ಹೊಕ್ಕಮೇಲೆ ಕಲಾಯಿಗಾರನು ಅಪರೂಪವಾಗಿದ್ದಾನೆ. ಆದರೆ ಆತನ ಕಸುಬಿನಲ್ಲಿ ಅಡಗಿರುವ ಮೂರು ನಿಯಮಗಳು ಹಳತಾಗಿಲ್ಲ. ಲೇಪಕ್ಕೆ ಮುಂಚೆ ಮೈಯನ್ನು ಶುದ್ಧಗೊಳಿಸಬೇಕು. ಲೇಪವು ಲೋಹದೊಡನೆ ಬಿಗಿಯಾಗಿ ಕೂಡಿಕೊಳ್ಳಬೇಕು. ಅದು ಸವೆಯುತ್ತಲೇ ಮತ್ತೊಮ್ಮೆ ಕೊಡಿಸಬೇಕು. ವಿಶಾಖಪಟ್ಟಣದ ಬಂದರಿನಲ್ಲಿ ತೇಲುವ ಹಡಗೂ, ವಿಜಯವಾಡದಲ್ಲಿ ಕೃಷ್ಣೆಯನ್ನು ತಡೆದು ನಿಲ್ಲಿಸಿರುವ ಉಕ್ಕಿನ ಬಾಗಿಲೂ, ನಮ್ಮ ಹೋಟೆಲಿನ ಮಾಳಿಗೆಯ ಮೇಲಿರುವ ನೀರಿನ ತೊಟ್ಟಿಯ ಕಾಲುಗಳೂ ಈ ಮೂರು ನಿಯಮಗಳನ್ನು ಆಶ್ರಯಿಸಿಯೇ ನಿಂತಿವೆ. ಮೊದಲನೆಯ ನಿಯಮವನ್ನು ಮರೆತಲ್ಲಿ ಮಿಕ್ಕೆರಡೂ ವ್ಯರ್ಥವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ತುಕ್ಕೆಂದರೇನು?

ಕಬ್ಬಿಣವು ಭೂಮಿಯಲ್ಲಿ ಶುದ್ಧರೂಪದಲ್ಲಿ ದೊರೆಯುವುದು ತೀರ ವಿರಳ. ಆಮ್ಲಜನಕದೊಡನೆ ಬೆರೆತು ಅದಿರಾಗಿ ಕೆಮ್ಮಣ್ಣಿನ ಬಣ್ಣದಲ್ಲಿ ಅದು ಮಲಗಿರುತ್ತದೆ. ಮನುಷ್ಯನು ಬೆಂಕಿಯ ಬಲದಿಂದ ಆ ಆಮ್ಲಜನಕವನ್ನು ಬಿಡಿಸಿ ಕಬ್ಬಿಣವನ್ನು ಪಡೆಯುತ್ತಾನೆ. ಆದರೆ ಅದಕ್ಕೆ ತನ್ನ ಪೂರ್ವಸ್ಥಿತಿಯ ಕಡೆಗೇ ಒಲವು. ನೀರೂ ಗಾಳಿಯೂ ಒಟ್ಟಿಗೆ ಸಿಕ್ಕಿದಲ್ಲಿ ಅದು ಮತ್ತೆ ಕೆಂಪು ಪುಡಿಯಾಗುತ್ತದೆ. ಇದೇ ತುಕ್ಕು.

ಈ ಕ್ರಿಯೆಯಲ್ಲಿ ವಿದ್ಯುತ್ತಿನ ಪಾತ್ರವೂ ಉಂಟು. ಕಬ್ಬಿಣದ ಮೇಲೆ ಬಿದ್ದ ಒಂದು ಹನಿ ನೀರಿನ ಕೆಳಗೆ ಸಣ್ಣದೊಂದು ಬ್ಯಾಟರಿಯೇ ಏರ್ಪಡುತ್ತದೆ. ಒಂದು ಎಡೆಯಲ್ಲಿ ಕಬ್ಬಿಣವು ಕರಗಿ ವಿದ್ಯುತ್ಕಣಗಳನ್ನು ಬಿಟ್ಟುಕೊಡುತ್ತದೆ. ಇನ್ನೊಂದು ಎಡೆಯಲ್ಲಿ ಗಾಳಿಯ ಆಮ್ಲಜನಕವು ಅವನ್ನು ಸ್ವೀಕರಿಸುತ್ತದೆ. ನೀರಿಗೆ ಉಪ್ಪು ಸೇರಿದರೆ ವಿದ್ಯುತ್ತು ಅದರಲ್ಲಿ ಸರಾಗವಾಗಿ ಹರಿಯುವುದರಿಂದ ಕೆಲಸ ಇನ್ನಷ್ಟು ಬೇಗ ಸಾಗುತ್ತದೆ. ಆದಕಾರಣವೇ ಒಂದೇ ಅಂಗಡಿಯಲ್ಲಿ ಕೊಂಡ ಎರಡು ಕಬ್ಬಿಣದ ಕಿಟಕಿಗಳಲ್ಲಿ ವಿಶಾಖಪಟ್ಟಣದ ಕಡಲ ದಂಡೆಯಲ್ಲಿ ಕೂಡಿಸಿದ್ದು ಬೇಗ ಹಾಳಾಗುತ್ತದೆ. ಸಮುದ್ರಕ್ಕೆ ದೂರವಾದ ವಿಜಯವಾಡದಲ್ಲಿ ಕೂಡಿಸಿದ್ದು ಹೆಚ್ಚು ಕಾಲ ಬಾಳುತ್ತದೆ.

ಅಲ್ಯುಮಿನಿಯಮ್ಮಿಗೂ ಗಾಳಿ ತಗಲಿದರೆ ಒಂದು ಪೊರೆ ಕಟ್ಟುವುದುಂಟು. ಆದರೆ ಆ ಪೊರೆಯು ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ತಾನು ತಿಂದ ಕಬ್ಬಿಣಕ್ಕಿಂತಲೂ ಹೆಚ್ಚು ಜಾಗವನ್ನು ಆಕ್ರಮಿಸಿ, ಉಬ್ಬಿ, ಹಕ್ಕಳೆಹಕ್ಕಳೆಯಾಗಿ ಉದುರುತ್ತದೆ. ಆಗ ಹೊಸ ಮೈ ಬಯಲಾಗಿ ಮತ್ತೆ ತುಕ್ಕಿಗೆ ಆಹಾರವಾಗುತ್ತದೆ. ಹಳೆಯ ಕಟ್ಟಡಗಳಲ್ಲಿ ತಾರಸಿಯ ಗಾರೆ ಬಿರಿದು ಚಕ್ಕೆಗಳು ತಲೆಯ ಮೇಲೆ ಬೀಳುವುದೂ ಬಹುಮಟ್ಟಿಗೆ ಇದರಿಂದಲೇ. ಕಾಂಕ್ರೀಟಿನ ಒಳಗಿನ ಸಲಾಕೆಯು ತುಕ್ಕು ಹಿಡಿದು ಊದಿ, ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ.

ಹಿಂದಿನವರ ಕಬ್ಬಿಣಕ್ಕೆ ತುಕ್ಕೇ ಹಿಡಿಯುತ್ತಿರಲಿಲ್ಲವೆಂದು ಹೇಳುವವರಿದ್ದಾರೆ. ದೆಹಲಿಯ ಕುತುಬ್ ಆವರಣದಲ್ಲಿರುವ ಕಂಬಕ್ಕೆ ಸುಮಾರು 1600 ವರ್ಷಗಳಾಗಿವೆ. ಕುಂದಾಪುರದ ಕಡೆಯಿಂದ ಬಂದ ನಮ್ಮವರಿಗೆ, ಮಲೆನಾಡಿನ ಜಡಿಮಳೆಯಲ್ಲಿ ಕೊಡಚಾದ್ರಿಯ ಮೂಕಾಂಬಿಕೆಯ ಸನ್ನಿಧಿಯಲ್ಲಿ ನಿಂತಿರುವ ಕಬ್ಬಿಣದ ಕಂಬವೂ ಪರಿಚಿತವೇ. ದೆಹಲಿಯ ಕಂಬವನ್ನು ಕುರಿತು ಕಾನ್ಪುರದ ಐ.ಐ.ಟಿ.ಯ ಪ್ರಾಧ್ಯಾಪಕರಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಅವರು ದೀರ್ಘಕಾಲ ಸಂಶೋಧನೆ ನಡೆಸಿದರು. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದರ ಕಾರಣದಿಂದ ಮೈಮೇಲೆ ತೆಳುವಾದ ರಕ್ಷಾಪೊರೆಯೊಂದು ಕಟ್ಟಿಕೊಂಡಿದೆಯೆಂದು ಅವರು ತೋರಿಸಿಕೊಟ್ಟರು. ಅಂದಮೇಲೆ ಆ ಕಂಬವನ್ನು ಕಾಪಾಡಿದುದೂ ಒಂದು ಲೇಪವೇ. ತಾನಾಗಿ ಬೆಳೆದ ಲೇಪ ಎಂಬುದಷ್ಟೇ ವ್ಯತ್ಯಾಸ. ಇಂದಿನ ಸೇತುವೆ, ಹಡಗು, ಸಲಾಕೆಗಳಿಗೆ ಬಳಸುವ ಸಾಮಾನ್ಯ ಉಕ್ಕಿಗೆ ಅಂತಹ ಭಾಗ್ಯವಿಲ್ಲ. ಅದಕ್ಕೆ ಅಂಗರಕ್ಷೆಯನ್ನು ನಾವೇ ತೊಡಿಸಬೇಕು.

ಹಡಗುಗಳ ಪಟ್ಟಣದಲ್ಲಿ

ಈ ಕೆಲಸವು ಎಷ್ಟು ದೊಡ್ಡ ಪ್ರಮಾಣದಲ್ಲಿ ನಡೆಯುವುದೆಂಬುದನ್ನು ತಿಳಿಯಲು ವಿಶಾಖಪಟ್ಟಣಕ್ಕಿಂತ ಉತ್ತಮವಾದ ಸ್ಥಳವಿಲ್ಲ. ಅಲ್ಲಿಯ ಬಂದರು ಹಡಗುಗಳಿಗೆ ತೆರೆದುದು 1933ರಲ್ಲಿ. ಸಿಂಧಿಯಾ ಕಂಪನಿಯವರು ಹಡಗುಕಟ್ಟೆಯನ್ನು ಸ್ಥಾಪಿಸಿದುದು 1941ರಲ್ಲಿ. ಅಲ್ಲಿ ನಿರ್ಮಿತವಾದ ‘ಜಲ ಉಷಾ’ ಎಂಬ ಹಡಗನ್ನು 1948ರ ಮಾರ್ಚಿಯಲ್ಲಿ ಜವಾಹರಲಾಲ ನೆಹರೂರವರು ನೀರಿಗಿಳಿಸಿದರು. ಆ ಕಟ್ಟೆಯೇ ಇಂದಿನ ಹಿಂದೂಸ್ತಾನ್ ಷಿಪ್‌ಯಾರ್ಡ್.

ಹಡಗಿನ ಮೈಗೆ ಬಳಿಯುವುದು ಒಂದು ಬಗೆಯ ಬಣ್ಣವಲ್ಲ. ಉಕ್ಕಿಗೆ ತಾಗಿ ತುಕ್ಕನ್ನು ತಡೆಯುವ ಲೇಪ. ಅದರ ಮೇಲೆ ನೀರನ್ನು ಒಳಬಿಡದ ಎಪಾಕ್ಸಿಯಂತಹ ದಪ್ಪ ಲೇಪ. ನೀರಿನೊಳಗಿರುವ ಭಾಗಕ್ಕೆ ಚಿಪ್ಪುಹುಳುಗಳೂ ಪಾಚಿಯೂ ಅಂಟದಂತೆ ಮಾಡುವ ಮತ್ತೊಂದು ಲೇಪ. ಇಷ್ಟಾದರೂ ಲಂಗರಿನ ಸರಪಳಿ ಉಜ್ಜಿದಲ್ಲಿ, ದಕ್ಕೆಗೆ ತಾಗಿದಲ್ಲಿ ಬಣ್ಣವು ಕಿತ್ತುಬರುವುದುಂಟು. ಆದುದರಿಂದ ನೀರಿನೊಳಗಿನ ಭಾಗದಲ್ಲಿ ಅಲ್ಲಲ್ಲಿ ಸತುವಿನ ಗಟ್ಟಿಗಳನ್ನು ಬಿಗಿದಿರುತ್ತಾರೆ. ಸತುವು ಉಕ್ಕಿಗಿಂತ ಬೇಗ ಕರಗುವ ಸ್ವಭಾವದ್ದು. ಎರಡನ್ನೂ ಜೋಡಿಸಿ ಉಪ್ಪುನೀರಿನಲ್ಲಿಟ್ಟರೆ ಸತುವು ತಾನು ಕರಗಿ ಉಕ್ಕನ್ನು ಉಳಿಸುತ್ತದೆ.

ಈ ಉಪಾಯವು ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿಯವರದು. 1824ರಲ್ಲಿ ಅವರು ಯುದ್ಧನೌಕೆಗಳಿಗೆ ಹೊದಿಸುತ್ತಿದ್ದ ತಾಮ್ರದ ತಗಡುಗಳನ್ನು ಸತು ಹಾಗೂ ಕಬ್ಬಿಣದ ತುಂಡುಗಳಿಂದ ಕಾಪಾಡಿದರು. ಫಲಿತಾಂಶ ವಿಚಿತ್ರವಾಯಿತು. ತಾಮ್ರವೇನೋ ಕರಗುವುದು ನಿಂತಿತು. ಆದರೆ ಕರಗಿದ ತಾಮ್ರದ ವಿಷಕ್ಕೆ ಹೆದರಿ ದೂರವಿದ್ದ ಚಿಪ್ಪುಹುಳುಗಳು ನಿರ್ಭಯವಾಗಿ ಬಂದು ಅಂಟಿಕೊಂಡು ಹಡಗಿನ ವೇಗವನ್ನೇ ತಗ್ಗಿಸಿದುವು. ಪ್ರಯೋಗವನ್ನು ಆಗ ಕೈಬಿಡಬೇಕಾಯಿತು. ಅದೇ ತತ್ತ್ವವು ಮುಂದೆ ಉಕ್ಕಿನ ಹಡಗುಗಳಿಗೂ ನೆಲದೊಳಗಿನ ಕೊಳವೆಗಳಿಗೂ ಆಸರೆಯಾಯಿತು.

ರಜೆಯ ದಿನ ರಾಮಕೃಷ್ಣ ಬೀಚಿಗೆ ಹೋಗುವವರು ಅಲ್ಲಿ ‘ಕುರ್ಸುರಾ’ ಜಲಾಂತರ್ಗಾಮಿಯನ್ನು ನೋಡುವರು. 1969ರಲ್ಲಿ ನೌಕಾಪಡೆಗೆ ಸೇರಿ, 2001ರಲ್ಲಿ ನಿವೃತ್ತವಾದ ಈ ನೌಕೆಯನ್ನು ಮರಳಿನ ಮೇಲೆ ತಂದು ನಿಲ್ಲಿಸಿ, 2002ರಲ್ಲಿ ಪ್ರದರ್ಶನಾಲಯವನ್ನಾಗಿ ತೆರೆಯಲಾಯಿತು. ದಡಕ್ಕೆ ಬಂದ ಮಾತ್ರಕ್ಕೆ ಅದಕ್ಕೆ ವಿಶ್ರಾಂತಿ ದೊರೆಯಿತೆಂದು ತಿಳಿಯಲಾಗದು. ಸತುವಿನ ಗಟ್ಟಿಯು ನೀರಿನಲ್ಲಿ ಮುಳುಗಿದ್ದಾಗ ಮಾತ್ರ ಕಾಯಬಲ್ಲುದು. ಗಾಳಿಯಲ್ಲಿ ನಿಂತ ನೌಕೆಗೆ ಬಣ್ಣವೊಂದೇ ದಿಕ್ಕು. ಉಪ್ಪುಗಾಳಿಯಾದರೋ ಹಗಲಿರುಳೂ ಬೀಸುತ್ತಿರುತ್ತದೆ.

ಸತುವಿನ ಗುಣ, ತವರದ ಗುಣ

ಹಡಗಿಗೆ ಬಿಗಿದ ಸತುವು ಮಾಡುವ ಕೆಲಸವನ್ನೇ ನಮ್ಮ ನೀರಿನ ಬಕೀಟಿನ ಮೇಲಿರುವ ಸತುವಿನ ಲೇಪವೂ ಮಾಡುತ್ತದೆ. ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ ಎಂಬವರು 1837ರಲ್ಲಿ ಹಕ್ಕುಪತ್ರ ಪಡೆದರು. ಸುಮಾರು 450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸತುವೂ ಕಬ್ಬಿಣವೂ ಬೆರೆತು ಒಂದಾಗುವುದರಿಂದ ಈ ಲೇಪವು ಬಣ್ಣದಂತೆ ಸುಲಭವಾಗಿ ಸಿಪ್ಪೆ ಏಳುವುದಿಲ್ಲ. ಮಾಡಿಗೆ ಹೊದಿಸುವ ಜಿ.ಐ. ತಗಡು, ಆಂಧ್ರದವರು ರೇಕು ಎನ್ನುವುದು, ಇದರಿಂದಲೇ ಆದುದು. ಅದಕ್ಕೆ ಸಣ್ಣ ಗೀರು ಬಿದ್ದರೂ ಗೀರಿನೊಳಗಿನ ಕಬ್ಬಿಣಕ್ಕೆ ಪಕ್ಕದ ಸತುವು ರಕ್ಷಣೆ ನೀಡುತ್ತದೆ.

ತವರದ ಗುಣ ಬೇರೆ. ಬಿಸ್ಕತ್ತಿನ ಡಬ್ಬಿ, ಎಣ್ಣೆಯ ಡಬ್ಬಿಗಳ ಮೇಲಿರುವುದು ತವರದ ತೆಳುವಾದ ಲೇಪ. ಅದು ಪೂರ್ಣವಾಗಿರುವ ತನಕ ಡಬ್ಬಿಗೆ ಭಯವಿಲ್ಲ. ಆದರೆ ಗೀರು ಬಿದ್ದು ಒದ್ದೆಯಾಯಿತೆಂದರೆ, ತವರದ ನೆರೆಯಲ್ಲಿರುವ ಕಬ್ಬಿಣವು ಒಂಟಿಯಾಗಿರುವುದಕ್ಕಿಂತಲೂ ಬೇಗ ತುಕ್ಕು ಹಿಡಿಯುತ್ತದೆ. ಖಾಲಿ ಡಬ್ಬಿಯನ್ನು ಹಿತ್ತಿಲಿಗೆಸೆದರೆ ಒಂದೇ ಮಳೆಗಾಲದಲ್ಲಿ ತೂತುಬೀಳುವುದು ಈ ಕಾರಣದಿಂದ.

ಇಲ್ಲಿ ಅಡಿಗೆಯವರೂ ಸಪ್ಲೈಯರರೂ ಮನಸ್ಸಿನಲ್ಲಿಡಬೇಕಾದ ಒಂದು ಎಚ್ಚರಿಕೆಯುಂಟು. ಸತುವು ನೀರಿಗೆ ಒಳ್ಳೆಯ ಕಾವಲುಗಾರ, ಹುಳಿಗೆ ಅಲ್ಲ. ಮಜ್ಜಿಗೆ, ನಿಂಬೆಯ ಪಾನಕ, ಹುಣಸೆಯ ನೀರು, ಸಾರು ಇವನ್ನು ಸತುವಿನ ಲೇಪದ ಬಕೀಟಿನಲ್ಲಿ ಇಟ್ಟರೆ ಸತುವು ಕರಗಿ, ಕುಡಿದವರಿಗೆ ವಾಂತಿ, ಹೊಟ್ಟೆನೋವುಗಳುಂಟಾಗುತ್ತವೆ. ಮದುವೆ, ಸಮಾರಾಧನೆಗಳ ಗಡಿಬಿಡಿಯಲ್ಲಿ ಸಿಕ್ಕಿದ ಬಕೀಟಿಗೆ ಮಜ್ಜಿಗೆ ಸುರಿಯುವುದು ಸಲ್ಲದು. ಹಾಗೆಯೇ ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಪದಾರ್ಥವನ್ನಿಟ್ಟರೆ ತಾಮ್ರವು ಕರಗಿ ಕಿಲುಬಾಗುತ್ತದೆ. ಕಲಾಯಿಗೆ ಬಳಸುವ ತವರದಲ್ಲಿ ಸೀಸದ ಬೆರಕೆಯಿರಬಾರದು. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳು, ತುಕ್ಕು ಹಿಡಿದ ಪಾತ್ರೆಗಳು, ಎನಾಮಲ್ ಎದ್ದು ತುಕ್ಕಾದ ಪಾತ್ರೆಗಳು ಆಹಾರಕ್ಕೆ ಸಲ್ಲವೆಂದು ನಮ್ಮ ದೇಶದ ಆಹಾರ ಸುರಕ್ಷತೆಯ 2011ರ ನಿಯಮಗಳೂ ವಿಧಿಸಿದುವು.

ನದಿಯ ಬಾಗಿಲುಗಳು

ಕಡಲನ್ನು ಬಿಟ್ಟು ನದಿಯ ಕಡೆಗೆ ತಿರುಗಿದರೆ, ಇದೇ ವಿಷಯವು ಲಕ್ಷಾಂತರ ಜನರ ಅನ್ನದ ಪ್ರಶ್ನೆಯಾಗಿ ಎದುರಿಗೆ ನಿಲ್ಲುತ್ತದೆ. ಕರ್ನಾಟಕದ ತುಂಗಭದ್ರೆಯು ಕರ್ನೂಲಿನ ಬಳಿ ಕೃಷ್ಣೆಯನ್ನು ಸೇರಿ, ಶ್ರೀಶೈಲ, ನಾಗಾರ್ಜುನಸಾಗರಗಳನ್ನು ದಾಟಿ ವಿಜಯವಾಡದ ಪ್ರಕಾಶಂ ಬ್ಯಾರೇಜಿಗೆ ಬರುತ್ತದೆ. ನಮ್ಮ ನಾಡಿನ ನೀರು ನಾವು ದುಡಿಯುವ ಊರಿಗೆ ಬರುವ ದಾರಿ ಇದು. ಈ ದಾರಿಯ ಎರಡು ತುದಿಗಳಲ್ಲಿಯೂ 2024ರ ಮಳೆಗಾಲದಲ್ಲಿ ಬಾಗಿಲುಗಳಿಗೆ ಸಂಕಟ ಒದಗಿತು.

ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿಗೆ 33 ಬಾಗಿಲುಗಳು. ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿಯು ಕಡಿದು, ಬಾಗಿಲು ಕೊಚ್ಚಿಹೋಯಿತು. ಜಲಾಶಯವು ತುಂಬಿ ನಿಂತಿದ್ದ ಸಮಯ. ಒಂದು ಕಂಡಿಯ ಮೇಲಿನ ಒತ್ತಡವನ್ನು ತಗ್ಗಿಸಲು ಇತರ ಬಾಗಿಲುಗಳನ್ನೂ ತೆರೆದು, ಬೆಳೆಗೆಂದು ಕೂಡಿಟ್ಟ ನೀರನ್ನು ನದಿಗೆ ಬಿಡಬೇಕಾಯಿತು. ಬಾಗಿಲುಗಳ ವಿಷಯದಲ್ಲಿ ನುರಿತ ಎಂಜಿನಿಯರರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದೊಳಗೆ ಉಕ್ಕಿನ ತಡೆಗಳನ್ನು ಒಂದರ ಮೇಲೊಂದರಂತೆ ಇಳಿಸಿ ಕಂಡಿಯನ್ನು ಮುಚ್ಚಲಾಯಿತು.

ಮೂರು ವಾರಗಳು ಕಳೆದಿದ್ದುವು. ಸೆಪ್ಟೆಂಬರಿನ ಆರಂಭದಲ್ಲಿ ಕೃಷ್ಣೆಗೆ ಮಹಾಪೂರ ಬಂದು, ಪ್ರಕಾಶಂ ಬ್ಯಾರೇಜಿನಲ್ಲಿ ಹರಿವು 11 ಲಕ್ಷ ಕ್ಯೂಸೆಕ್ಸನ್ನೂ ಮೀರಿತು. ಕಟ್ಟು ಬಿಚ್ಚಿ ತೇಲಿಬಂದ ದೋಣಿಗಳು ಬಾಗಿಲುಗಳ ಎದುರುತೂಕದ ದಿಮ್ಮಿಗಳಿಗೆ ಅಪ್ಪಳಿಸಿ ಅವನ್ನು ಜಖಂಗೊಳಿಸಿದುವು. ಅಲ್ಲಿಯೂ ದುರಸ್ತಿಯ ಹೊಣೆ ಹೊತ್ತವರು ಅದೇ ಕನ್ನಯ್ಯ ನಾಯ್ಡು ಅವರು.

ವಿಜಯವಾಡದಲ್ಲಿ ಪೆಟ್ಟು ಹೊರಗಿನಿಂದ ಬಂದುದು. ತುಂಗಭದ್ರೆಯಲ್ಲಿ ಸೋತುದು ಕಬ್ಬಿಣವೇ. ಸರಪಳಿ ಕಡಿಯಲು ತುಕ್ಕೊಂದೇ ಕಾರಣವೆಂದು ಹೇಳುವುದು ದುಡುಕಾದೀತು; ಎಪ್ಪತ್ತು ವರ್ಷಗಳ ದುಡಿಮೆ, ಸವೆತ, ದಣಿವು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ಅನಂತರ ನಡೆದ ಪರೀಕ್ಷೆಗಳ ಬಳಿಕ, ಮಿಕ್ಕ ಬಾಗಿಲುಗಳ ಬಲವನ್ನೂ ಪೂರ್ತಿಯಾಗಿ ನಂಬಲಾಗದೆ, 2025ರ ಮಳೆಗಾಲದಲ್ಲಿ ಜಲಾಶಯವನ್ನು ಪೂರ್ಣವಾಗಿ ತುಂಬಿಸದೆ ಸುಮಾರು 80 ಟಿ.ಎಂ.ಸಿ.ಗೆ ಮಿತಗೊಳಿಸಲಾಯಿತು. ಎಲ್ಲ 33 ಬಾಗಿಲುಗಳನ್ನೂ ಬದಲಿಸುವ ಸಲುವಾಗಿ ಆ ಸಾಲಿನ ಎರಡನೆಯ ಬೆಳೆಗೆ ನೀರು ಬಿಡದಿರಲು ನಿಶ್ಚಯಿಸಲಾಯಿತು. ಬಾಗಿಲಿನ ಉಕ್ಕು ಸೋತರೆ ರೈತನು ಒಂದು ಫಸಲನ್ನೇ ತೆರಬೇಕಾಗುವುದು.

ಅಣೆಕಟ್ಟಿನ ಬಾಗಿಲಿಗೆ ಲೇಪ ಕೊಡುವುದು ಹಡಗಿನದಕ್ಕಿಂತ ಸುಲಭವೇನಲ್ಲ. ಅದರ ಕೆಳಭಾಗವು ನೀರಿನಲ್ಲಿ, ಮೇಲ್ಭಾಗವು ಬಿಸಿಲಿನಲ್ಲಿ. ನಡುವೆ ನೀರು ಏರಿಳಿಯುವ ಪಟ್ಟಿಯು ಒಮ್ಮೆ ನೆನೆದು ಒಮ್ಮೆ ಒಣಗುತ್ತ ಬಹಳವಾಗಿ ಸವೆಯುತ್ತದೆ. ಉಜ್ಜುವ ಕೊಂಡಿ, ಉರುಳುವ ಗಾಲಿಗಳ ಮೇಲೆ ಬಣ್ಣ ನಿಲ್ಲುವುದೇ ಇಲ್ಲ. ಅವಕ್ಕೆ ಗ್ರೀಸೇ ಅಂಗರಕ್ಷೆ.

ಬಣ್ಣಕ್ಕೆ ಮುಂಚಿನ ಕೆಲಸ

ಒಳ್ಳೆಯ ಬಣ್ಣಗಳಿಗೆ ಈಗ ಕೊರತೆಯಿಲ್ಲ. ಸತುವಿನ ಪುಡಿ ತುಂಬಿದ ಬಣ್ಣಗಳು, ಎಪಾಕ್ಸಿಗಳು, ಬಿಸಿಲಿಗೆ ಮಾಸದ ಪಾಲಿಯುರೆಥೇನುಗಳು ದೊರೆಯುತ್ತವೆ. ರಾಮೇಶ್ವರಕ್ಕೆ ಹೋಗುವ ಹಳೆಯ ಪಾಂಬನ್ ರೈಲ್ವೆ ಸೇತುವೆಯು 1914ರಿಂದ ಕಡಲಿನ ನಡುವೆ ದುಡಿದು 2022ರಲ್ಲಿ ನಿಂತಿತು. 2025ರ ಏಪ್ರಿಲಿನಲ್ಲಿ ಉದ್ಘಾಟನೆಯಾದ ಹೊಸ ಸೇತುವೆಗೆ ಪಾಲಿಸಿಲಾಕ್ಸೇನ್ ಎಂಬ ವಿಶೇಷ ಲೇಪವನ್ನು ಕೊಡಲಾಗಿದೆ. ಲೋಹಗಳ ಸವೆತವನ್ನು ಅಭ್ಯಾಸ ಮಾಡಲು ಕಾರೈಕುಡಿಯಲ್ಲಿ 1953ರಿಂದ ಒಂದು ರಾಷ್ಟ್ರೀಯ ಸಂಶೋಧನಾಲಯವೇ ಕೆಲಸ ಮಾಡುತ್ತಿದೆ.

ಆದರೆ ಎಷ್ಟೇ ಬೆಲೆಬಾಳುವ ಬಣ್ಣವಾದರೂ ತುಕ್ಕಿನ ಮೇಲೆ ಬಳಿದರೆ, ಕಳ್ಳನನ್ನು ಒಳಗಿಟ್ಟು ಮನೆಗೆ ಬೀಗ ಹಾಕಿದಂತಾಗುವುದು. ಕಾರ್ಖಾನೆಯಿಂದ ಬಂದ ಹೊಸ ಉಕ್ಕಿನ ಮೇಲೆಯೂ ನೀಲಿಗಪ್ಪಾದ ಒಂದು ಪೊರೆಯಿರುತ್ತದೆ. ನೋಡಲು ಅದೇ ಬಣ್ಣದಂತಿದ್ದರೂ ಕಾಲಕ್ರಮದಲ್ಲಿ ಬಿರಿದು, ಮೇಲಿನ ಬಣ್ಣವನ್ನೂ ಹೊತ್ತುಕೊಂಡು ಉದುರುತ್ತದೆ. ದೊಡ್ಡ ಕೆಲಸಗಳಲ್ಲಿ ಗಾಳಿಯ ಒತ್ತಡದಿಂದ ಹರಳುಗಳನ್ನು ಎರಚಿ ಉಕ್ಕನ್ನು ಬೆಳ್ಳಗೆ ಮಾಡುವರು. ಸಣ್ಣ ಕೆಲಸಗಳಲ್ಲಿ ತಂತಿಯ ಬ್ರಷ್, ಉಜ್ಜುಕಾಗದಗಳಿಂದ ಬರಿಯ ಲೋಹ ಕಾಣುವ ತನಕ ಉಜ್ಜಬೇಕು. ಕಡಲ ತೀರದಲ್ಲಿ ಇನ್ನೊಂದು ಹೆಜ್ಜೆಯುಂಟು: ಕಣ್ಣಿಗೆ ಕಾಣದ ಉಪ್ಪನ್ನು ಸಿಹಿನೀರಿನಿಂದ ತೊಳೆದು ಒಣಗಿಸಬೇಕು. ಹಾಗೆ ಮಾಡದಿದ್ದರೆ ಬಣ್ಣದಡಿಯ ಉಪ್ಪು ನೀರನ್ನು ಸೆಳೆದು ಬೊಬ್ಬೆಗಳನ್ನೆಬ್ಬಿಸುವುದು. ಇಬ್ಬನಿ ಆರದ ಮುಂಜಾನೆ, ಮಳೆಯ ಮೋಡವಿರುವ ಸಂಜೆ ಬಣ್ಣದ ಕೆಲಸಕ್ಕೆ ತಕ್ಕುವಲ್ಲ. ಅಂಚು, ಮೂಲೆ, ಬೋಲ್ಟು, ಬೆಸುಗೆಗಳ ಮೇಲೆ ಬಣ್ಣವು ತೆಳುವಾಗಿ ನಿಲ್ಲುವುದರಿಂದ ಅಲ್ಲಿ ಒಂದು ಕೈ ಹೆಚ್ಚಾಗಿಯೇ ಬಳಿಯಬೇಕು.

ಹಳೆಯ ಕಾಲದ ಕೆಂಪು ತಳಬಣ್ಣವು ಸೀಸದ ಸಿಂಧೂರದಿಂದಾದುದು. ತುಕ್ಕನ್ನು ತಡೆಯುವುದರಲ್ಲಿ ಅದು ಸಮರ್ಥವೇ, ಆದರೆ ವಿಷ. ಹಳೆಯ ಕಬ್ಬಿಣವನ್ನು ಕೆರೆಯುವಾಗ ಆ ಧೂಳು ಅಡಿಗೆಮನೆಗಾಗಲಿ ಮಕ್ಕಳ ಬಳಿಗಾಗಲಿ ಹೋಗಬಾರದು. ಒದ್ದೆ ಮಾಡಿ ಕೆರೆಯುವುದು, ಮೂಗುಬಾಯಿಗಳನ್ನು ತಕ್ಕ ಮುಖವಾಡದಿಂದ ಮುಚ್ಚಿಕೊಳ್ಳುವುದು ಅವಶ್ಯಕ.

ಗುಮಾಸ್ತರ ಕೈಯಲ್ಲಿ, ಹೋಟೆಲಿನವರ ಕೈಯಲ್ಲಿ

ಬಣ್ಣದ ಕೆಲಸದಲ್ಲಿ ಒಂದು ವಿಶೇಷವಿದೆ. ಮೇಲಿನ ಕೈ ಎಲ್ಲರಿಗೂ ಕಾಣುತ್ತದೆ; ಅದರ ಕೆಳಗಿನ ಶುದ್ಧಿ ಯಾರಿಗೂ ಕಾಣುವುದಿಲ್ಲ. ಅತಿ ಕಡಿಮೆ ದರದ ಟೆಂಡರನ್ನು ಸ್ವೀಕರಿಸಿದಾಗ ಮೊದಲು ಕಡಿತವಾಗುವುದು ಈ ಕಾಣದ ಕೆಲಸವೇ. ಉಜ್ಜುವ ಕೂಲಿಯನ್ನು ಉಳಿಸಿ, ತುಕ್ಕಿನ ಮೇಲೆಯೇ ಹೊಳೆಯುವ ಬಣ್ಣ ಬಳಿದು, ಬಿಲ್ಲನ್ನು ಮುಂದಿಟ್ಟರೆ ಹಣ ಸಂದಾಯವಾಗುತ್ತದೆ. ಕಚೇರಿಗಳಲ್ಲಿ ಬಿಲ್ಲುಗಳನ್ನು ಪರಿಶೀಲಿಸುವ ನಮ್ಮ ಗುಮಾಸ್ತ ಬಂಧುಗಳು “ಎರಡು ಕೈ ಬಣ್ಣ” ಎಂಬ ಸಾಲನ್ನು ಕಂಡಾಗ, “ಬಣ್ಣಕ್ಕೆ ಮುಂಚೆ ಬರಿಯ ಕಬ್ಬಿಣವನ್ನು ನೋಡಿ ಸಹಿ ಹಾಕಿದವರು ಯಾರು?” ಎಂದು ಒಂದು ಮಾತು ಕೇಳಿದರೆ ಸಾಕು, ಬಹಳಷ್ಟು ಕಬ್ಬಿಣ ಉಳಿಯುವುದು. ಶುದ್ಧಿಯನ್ನು ಬೇರೆಯ ಬಾಬ್ತಾಗಿ ಬರೆಸಿ, ಅದನ್ನು ನೋಡಿದ ಮೇಲೆಯೇ ಬಣ್ಣಕ್ಕೆ ಅಪ್ಪಣೆ ಕೊಡುವುದು ಉತ್ತಮ ಪದ್ಧತಿ.

ಹೋಟೆಲಿನಲ್ಲಿ ದುಡಿಯುವವರು ನೋಡಿಕೊಳ್ಳಬೇಕಾದ ಎಡೆಗಳು ಕೆಲವೇ. ಮಾಳಿಗೆಯ ತೊಟ್ಟಿಯನ್ನು ಹೊತ್ತ ಕಬ್ಬಿಣದ ಕಾಲುಗಳು, ಅದರಲ್ಲಿಯೂ ನೆಲಕ್ಕೆ ತಾಗುವ ಬುಡ, ಹೆಸರಿನ ಬೋರ್ಡನ್ನು ಹಿಡಿದ ಬೋಲ್ಟುಗಳು, ಪಾತ್ರೆ ತೊಳೆಯುವ ಎಡೆಯ ಕಬ್ಬಿಣದ ಸ್ಟ್ಯಾಂಡು, ಹಿಂದಿನ ಮೆಟ್ಟಿಲು. ಗ್ಯಾಸಿನ ಸಿಲಿಂಡರನ್ನು ಒದ್ದೆ ನೆಲದ ಮೇಲೆ ಇಡದೆ ಒಣಗಿದ ಎಡೆಯಲ್ಲಿ ನಿಲ್ಲಿಸಬೇಕು. ತಳವು ತುಕ್ಕಿನಿಂದ ಕೊರೆದಿರುವುದನ್ನು ತೆಗೆದುಕೊಳ್ಳದೆ ಹಿಂದಿರುಗಿಸಬೇಕು. ಬಣ್ಣವು ಉಬ್ಬಿದ್ದರೆ, ಕೆಂಪು ನೀರು ಒಸರಿ ಗೋಡೆಗೆ ಗೆರೆ ಬಿದ್ದಿದ್ದರೆ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಹಕ್ಕಳೆ ಎದ್ದರೆ ಮಾಲೀಕರಿಗೆ ಆ ದಿನವೇ ತಿಳಿಸುವುದು ಕರ್ತವ್ಯ. ಲೋಹವು ತೆಳುವಾಗಿ ಹೋಗಿದ್ದರೆ ಬಣ್ಣದಿಂದ ಪ್ರಯೋಜನವಿಲ್ಲ. ಆ ಭಾಗವನ್ನೇ ಬದಲಿಸಬೇಕು.

ವಿಶಾಖಪಟ್ಟಣದವರಿಗೆ 2014ರ ಅಕ್ಟೋಬರ್ 12 ಮರೆಯುವಂತಹ ದಿನವಲ್ಲ. ಅಂದು ಹುದ್‌ಹುದ್ ಚಂಡಮಾರುತವು ಆ ಪಟ್ಟಣದ ಮೇಲೆಯೇ ಬಂದೆರಗಿತು. ಅಂತಹ ಗಾಳಿಯೆದುರು ತುಕ್ಕು ತಿಂದ ಒಂದು ಬೋಲ್ಟು ಬೋರ್ಡನ್ನು ಹಿಡಿದಿಡಲಾರದು. ಕೆಳಗೆ ನಿಂತವರ ಪ್ರಾಣಕ್ಕೇ ಅಪಾಯ. ಈ ತೀರದಲ್ಲಿ ಗಾಳಿಮಳೆಗಳ ಕಾಲಕ್ಕೆ ಮುಂಚೆ, ಬೇಸಗೆಯ ಒಣ ದಿನಗಳಲ್ಲಿ ಉಜ್ಜುವ, ಬಳಿಯುವ ಕೆಲಸಗಳನ್ನು ಮುಗಿಸುವುದು ಲೇಸು. ಕಲಾಯಿಗಾರನು ಪಾತ್ರೆಯನ್ನು ಬೆಂಕಿಗಿಡುವುದಕ್ಕೆ ಮುನ್ನ ಒಮ್ಮೆ ಬೆಳಕಿಗೆ ಹಿಡಿದು ಒಳಗೆಲ್ಲ ಕಣ್ಣಾಡಿಸುತ್ತಿದ್ದನು. ಬಣ್ಣದ ಡಬ್ಬಿಯ ಮುಚ್ಚಳವನ್ನು ತೆಗೆಯುವ ಮುನ್ನ ನಾವೂ ಹಾಗೆಯೇ ಒಮ್ಮೆ ನೋಡುವ ಅಭ್ಯಾಸವನ್ನಿಟ್ಟುಕೊಂಡರೆ ಹಣವೂ ಉಳಿಯುವುದು, ತಲೆಯ ಮೇಲಿನ ಕಬ್ಬಿಣವೂ ನಿಲ್ಲುವುದು.